ನೆಲ, ನಂಟು, ನಲ್ಲಿ: ಅಬೊರಿಜಿನಲ್ ಜನರ ಆರೋಗ್ಯದ ಕಲ್ಪನೆ ಸರ್ಕಾರಿ ನೀತಿಗೆ ಬಂದ ಬಗೆ

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಆಸ್ಟ್ರೇಲಿಯಾಕ್ಕೆ ಹೋದವರು ಅಲ್ಲಿನ ಕ್ಲಿನಿಕ್ಕಿಗೆ ಮೊದಲ ಸಲ ಹೋದಾಗ ಕೈಗೊಂದು ಫಾರ್ಮ್ ಕೊಡುತ್ತಾರೆ. ಹೆಸರು, ಹುಟ್ಟಿದ ದಿನ, ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಸಂಖ್ಯೆಯ ಜೊತೆಗೆ ಒಂದು ಪ್ರಶ್ನೆ ಇರುತ್ತದೆ: ‘ನೀವು ಅಬೊರಿಜಿನಲ್ ಅಥವಾ ಟಾರಸ್ ಸ್ಟ್ರೇಟ್ ದ್ವೀಪವಾಸಿ ಮೂಲದವರೇ?’ ಇವರು ಆ ದೇಶದ ಮೂಲನಿವಾಸಿಗಳು. ಮೈಬಣ್ಣ ನೋಡಿ ಕೇಳಿದರೇನೋ ಎಂದು ಹಲವರಿಗೆ ಅನ್ನಿಸುತ್ತದೆ. ಹಾಗಲ್ಲ. ಬಂದವರೆಲ್ಲರಿಗೂ ಈ ಪ್ರಶ್ನೆ ಕೇಳಬೇಕೆಂಬುದು ಅಲ್ಲಿನ ಕ್ರಮ, ಏಕೆಂದರೆ ಉತ್ತರ ‘ಹೌದು’ ಎಂದಾದರೆ ತಪಾಸಣೆ, ಔಷಧಿಯ ಬೆಲೆ, ಮುಂದಿನ ಆರೈಕೆ ಎಲ್ಲಕ್ಕೂ ಬೇರೆ ವ್ಯವಸ್ಥೆ ಇದೆ. ಮಕ್ಕಳ ಶಾಲೆಯ ಸಭೆ, ಕಚೇರಿಯ ಮೀಟಿಂಗ್ ಶುರುವಾಗುವ ಮುನ್ನ ‘ಈ ಕಂಟ್ರಿಯ ಪಾರಂಪರಿಕ ಪಾಲಕರಿಗೆ ಗೌರವ’ ಎಂದು ಹೇಳುವ ಮಾತಿನ ಬೇರೂ ಇದೇ ಕಡೆಗೆ ಹೋಗುತ್ತದೆ.

ವೈದ್ಯರಿಗೆ ಇದು ಇನ್ನೂ ಹತ್ತಿರದ ವಿಷಯ. ಹೊರದೇಶದಲ್ಲಿ ಓದಿದ ಡಾಕ್ಟರು ಆಸ್ಟ್ರೇಲಿಯಾದಲ್ಲಿ ಮೆಡಿಕೇರ್ ಹಣ ಪಡೆದು ವೃತ್ತಿ ಮಾಡಬೇಕಾದರೆ ಸಾಮಾನ್ಯವಾಗಿ 10 ವರ್ಷದವರೆಗೆ ವೈದ್ಯರ ಕೊರತೆ ಇರುವ ಪ್ರದೇಶದಲ್ಲೇ ಕೆಲಸ ಮಾಡಬೇಕು. ಹಾಗಾಗಿ ಕರ್ನಾಟಕದ ಕಾಲೇಜಿನಲ್ಲಿ ಎಂಬಿಬಿಎಸ್ ಮಾಡಿದವರು ಮರುಭೂಮಿಯ ಅಂಚಿನ ಸಣ್ಣ ಊರಿನಲ್ಲಿ ಅಬೊರಿಜಿನಲ್ ರೋಗಿಗಳ ಎದುರು ಕೂರುವುದು ಅಪರೂಪವೇನಲ್ಲ. ಅಲ್ಲಿ ‘ಆರೋಗ್ಯ’ ಎಂಬ ಪದಕ್ಕೆ ಇರುವ ಅರ್ಥವೇ ಬೇರೆ ಎಂದು ಗೊತ್ತಿಲ್ಲದಿದ್ದರೆ ಔಷಧಿ ಸರಿಯಿದ್ದೂ ಚಿಕಿತ್ಸೆ ಕೈಗೂಡುವುದಿಲ್ಲ.

ಯಾರು ಇವರು?

ಸುಮಾರು 60,000 ವರ್ಷಗಳಿಂದ ಆಸ್ಟ್ರೇಲಿಯಾ ಭೂಖಂಡದಲ್ಲಿ ಬಾಳಿ ಬಂದವರು ಅಬೊರಿಜಿನಲ್ ಜನ. ಪಪುವಾ ನ್ಯೂಗಿನಿಗೂ ಆಸ್ಟ್ರೇಲಿಯಾಕ್ಕೂ ನಡುವಿನ ದ್ವೀಪಗಳವರು ಟಾರಸ್ ಸ್ಟ್ರೇಟ್ ದ್ವೀಪವಾಸಿಗಳು. ಅವರ ಭಾಷೆ, ಸಂಪ್ರದಾಯ ಬೇರೆ. 1788ರಲ್ಲಿ ಬ್ರಿಟಿಷರು ಬಂದಿಳಿದಾಗ ಆ ನೆಲದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಆದ್ದರಿಂದ ‘ಅಬೊರಿಜಿನಲ್ ಸಂಸ್ಕೃತಿ’ ಎಂದು ಒಂದೇ ಉಸಿರಿನಲ್ಲಿ ಹೇಳುವುದು ‘ಭಾರತದ ಅಡುಗೆ’ ಎಂದು ಹೇಳಿದ ಹಾಗೆ. ಹೇಳಬಹುದು, ಆದರೆ ಯಾವ ಊರಿನ ಸಾರು ಎಂದು ಕೇಳಲೇಬೇಕಾಗುತ್ತದೆ.

2021ರ ಅಂದಾಜಿನ ಪ್ರಕಾರ ಇವರ ಸಂಖ್ಯೆ 9,83,700, ದೇಶದ ಜನಸಂಖ್ಯೆಯಲ್ಲಿ ಶೇ 3.8. ಬಹುಪಾಲು ಜನ ಇರುವುದು ನಗರ, ಪಟ್ಟಣಗಳಲ್ಲಿ. ದೂರದ ಮರುಭೂಮಿಯಲ್ಲಿರುವವರು ಕಡಿಮೆ. ಯಾರನ್ನು ಅಬೊರಿಜಿನಲ್ ಎಂದು ಗುರುತಿಸಬೇಕು ಎಂಬುದಕ್ಕೆ ಸರ್ಕಾರ ಬಳಸುವ ಅಳತೆ ಮೂರು: ವಂಶ, ತಾನು ಹಾಗೆಂದು ಗುರುತಿಸಿಕೊಳ್ಳುವುದು, ಸಮುದಾಯ ಒಪ್ಪಿಕೊಳ್ಳುವುದು. ಮೈಬಣ್ಣ ಇದರಲ್ಲಿ ಎಲ್ಲೂ ಇಲ್ಲ.

2020–22ರ ಲೆಕ್ಕದಲ್ಲಿ ಅಬೊರಿಜಿನಲ್ ಮತ್ತು ದ್ವೀಪವಾಸಿ ಗಂಡಸರ ಸರಾಸರಿ ಆಯಸ್ಸು 71.9 ವರ್ಷ, ಹೆಂಗಸರದು 75.6. ಉಳಿದ ಆಸ್ಟ್ರೇಲಿಯನ್ನರಿಗಿಂತ ಕ್ರಮವಾಗಿ 8.8 ಮತ್ತು 8.1 ವರ್ಷ ಕಡಿಮೆ. ನೆಲ ಕಳೆದುಕೊಂಡದ್ದು, ಮೀಸಲು ಜಾಗಗಳಿಗೆ ಅಟ್ಟಿಸಿಕೊಂಡದ್ದು, ದಶಕಗಟ್ಟಲೆ ಸರ್ಕಾರವೇ ಮಕ್ಕಳನ್ನು ತಾಯ್ತಂದೆಯರಿಂದ ಕಿತ್ತುಕೊಂಡದ್ದು ಈ ಅಂತರದ ಹಿಂದಿನ ಕತೆ. ಮಕ್ಕಳ ವಿಚಾರದಲ್ಲಿ ನಡೆದ ರಾಷ್ಟ್ರೀಯ ವಿಚಾರಣೆಯ ವರದಿ 1997ರಲ್ಲಿ ಬಂತು, ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರುವರಿ 13ರಂದು. ಇನ್ನೊಂದು ವಿಷಯ ನೆನಪಿರಲಿ: 1967ರ ಜನಮತಗಣನೆಯಲ್ಲಿ ಶೇ 90ಕ್ಕೂ ಹೆಚ್ಚು ಮತದಾರರು ಒಪ್ಪಿದ ಮೇಲಷ್ಟೇ ಈ ಜನರಿಗಾಗಿ ಕಾನೂನು ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂತು. ಅಂದರೆ ರಾಷ್ಟ್ರಮಟ್ಟದ ಅಬೊರಿಜಿನಲ್ ಆರೋಗ್ಯ ನೀತಿಗೆ ಇನ್ನೂ ಅರವತ್ತು ವರ್ಷದ ಆಸುಪಾಸಿನ ವಯಸ್ಸು.

‘ಕ್ಷೇಮವೇ?’ ಎಂದು ಕೇಳಿದಾಗ

ನಮ್ಮ ಹಳೆಯ ಕಾಗದಗಳನ್ನು ನೆನಪಿಸಿಕೊಳ್ಳಿ. ‘ಉಭಯ ಕುಶಲೋಪರಿ’ ಎಂದು ಶುರುವಾಗಿ, ಮನೆಯವರೆಲ್ಲರ ಕ್ಷೇಮ, ಮಳೆ ಬೆಳೆ, ಕರು ಹಾಕಿದ ಹಸು, ಊರ ಜಾತ್ರೆ ಎಲ್ಲ ಬಂದ ಮೇಲೆಯೇ ಬರೆದವರ ಕೆಮ್ಮು, ಮಂಡಿನೋವಿನ ಮಾತು. ಹಸು ಸತ್ತ ಮನೆಯವನು ‘ಚೆನ್ನಾಗಿದ್ದೇನೆ’ ಎಂದು ಬರೆಯುತ್ತಿರಲಿಲ್ಲ. ಅಬೊರಿಜಿನಲ್ ಜನರ ಆರೋಗ್ಯದ ಕಲ್ಪನೆಯ ಒಳಗೆ ಹೋಗಲು ಈ ‘ಕ್ಷೇಮ’ ಎಂಬ ಪದ ಒಳ್ಳೆಯ ಬಾಗಿಲು. ಆದರೆ ಅವರ ಕಲ್ಪನೆ ಇದಕ್ಕಿಂತ ಮುಂದೆ ಹೋಗುತ್ತದೆ.

ಪಶ್ಚಿಮ ಆಸ್ಟ್ರೇಲಿಯಾದ ಬ್ರೂಮ್ ಸುತ್ತಲಿನ ಯಾವುರು ಜನ ‘ಲಿಯನ್’ ಎಂಬ ಪದ ಬಳಸುತ್ತಾರೆ. ಒಳಗಿನ ನೆಮ್ಮದಿ, ಬಳಗದೊಡನೆ ಇರುವ ಸಂಬಂಧ, ನೆಲದೊಡನೆ ಇರುವ ಸಂಬಂಧ ಈ ಮೂರೂ ಆ ಒಂದು ಪದದಲ್ಲಿವೆ. ‘ಮಬು ಲಿಯನ್’ ಎಂದರೆ ಅವೆಲ್ಲ ಸರಿಯಾಗಿರುವ ಸ್ಥಿತಿ. ಮನೆಯಲ್ಲಿ ಜಗಳವಾಗಿದ್ದರೆ, ಪವಿತ್ರ ತಾಣವೊಂದು ಹಾಳಾಗಿದ್ದರೆ, ರಕ್ತಪರೀಕ್ಷೆ ಎಷ್ಟು ಚೆನ್ನಾಗಿ ಬಂದಿದ್ದರೂ ಲಿಯನ್ ಕೆಟ್ಟಿದೆ ಎನ್ನುತ್ತಾರೆ.

ಇಲ್ಲಿ ಬರುವ ‘ನೆಲ’ಕ್ಕೆ ಅವರು ಇಂಗ್ಲಿಷ್ ಮಾತಿನಲ್ಲಿ ‘ಕಂಟ್ರಿ’ ಎನ್ನುತ್ತಾರೆ. ಅದು ದೇಶವೂ ಅಲ್ಲ, ಜಮೀನೂ ಅಲ್ಲ. ಒಂದು ಕುಲಕ್ಕೆ ಸೇರಿದ ಮಣ್ಣು, ನೀರಿನ ಸೆಲೆ, ಗಿಡ, ಪ್ರಾಣಿ, ಅಲ್ಲಿ ನೆಲೆಸಿದ ಪೂರ್ವಿಕರು, ಆ ಜಾಗದ ಹಾಡು ಮತ್ತು ಕಟ್ಟಳೆ ಇವೆಲ್ಲ ಸೇರಿ ಕಂಟ್ರಿ. ಕುಲದೇವರ ಮೂಲಸ್ಥಾನ, ದೇವರಕಾಡು, ಹೊಲ, ಸ್ಮಶಾನ ಎಲ್ಲ ಒಂದೇ ಆಗಿ, ಅದನ್ನು ನೋಡಿಕೊಳ್ಳುವುದು ನಿಮ್ಮ ಮನೆತನದ ಹೊಣೆ ಎಂದಿದ್ದರೆ ಹೇಗಿರುತ್ತದೋ ಹಾಗೆ. ಆ ಹೊಣೆ ನಿರ್ವಹಿಸಲಾಗದಿದ್ದರೆ ನೆಲಕ್ಕೂ ಕಾಯಿಲೆ, ಮನುಷ್ಯನಿಗೂ ಕಾಯಿಲೆ.

ಹೇಳಿಕೆ ಕಾಗದಕ್ಕೆ ಇಳಿದದ್ದು

ಅಬೊರಿಜಿನಲ್ ಸಂಘಟನೆಗಳ ರಾಷ್ಟ್ರೀಯ ಒಕ್ಕೂಟ 1979ರಲ್ಲಿ ಆರೋಗ್ಯಕ್ಕೆ ತನ್ನದೇ ವ್ಯಾಖ್ಯೆ ಕೊಟ್ಟಿತು. 1989ರ ರಾಷ್ಟ್ರೀಯ ಅಬೊರಿಜಿನಲ್ ಆರೋಗ್ಯ ಕಾರ್ಯತಂತ್ರ ಅದನ್ನು ಸರ್ಕಾರಿ ದಾಖಲೆಗೆ ತಂದಿತು. ಅದರ ಸಾರ ಇಷ್ಟು: ಆರೋಗ್ಯವೆಂದರೆ ಒಬ್ಬರ ಮೈ ನೆಟ್ಟಗಿರುವುದಷ್ಟೇ ಅಲ್ಲ, ಇಡೀ ಸಮುದಾಯದ ಸಾಮಾಜಿಕ, ಭಾವನಾತ್ಮಕ, ಸಾಂಸ್ಕೃತಿಕ ಕ್ಷೇಮ. ಅದರೊಳಗೆ ಪ್ರತಿಯೊಬ್ಬರೂ ಪೂರ್ಣವಾಗಿ ಬೆಳೆಯುವಂತಿರಬೇಕು. ಬದುಕು, ಸಾವು, ಮತ್ತೆ ಬದುಕು ಎಂಬ ಚಕ್ರವೂ ಅದರಲ್ಲಿ ಸೇರಿದೆ.

ವಿಶ್ವ ಆರೋಗ್ಯ ಸಂಸ್ಥೆಯ 1948ರ ವ್ಯಾಖ್ಯೆಯೂ ದೈಹಿಕ, ಮಾನಸಿಕ, ಸಾಮಾಜಿಕ ಕ್ಷೇಮದ ಮಾತಾಡುತ್ತದೆ. ವ್ಯತ್ಯಾಸ ಇರುವುದು ಆರೋಗ್ಯ ಯಾರದು ಎಂಬಲ್ಲಿ. ಇಲ್ಲಿ ಆರೋಗ್ಯದ ಒಡೆತನ ಸಮುದಾಯದ್ದು. ಇದನ್ನು ಒಪ್ಪಿದರೆ ಆಸ್ಪತ್ರೆಯ ಬಜೆಟ್ಟಿನ ಜೊತೆಗೆ ಮನೆ, ನೀರು, ಭೂಮಿಯ ಹಕ್ಕು, ಭಾಷೆ ಇವೂ ಆರೋಗ್ಯದ ಲೆಕ್ಕಕ್ಕೆ ಬರುತ್ತವೆ. ಒಪ್ಪಿ ಸಹಿ ಹಾಕಿದ ಸರ್ಕಾರಗಳು ಆ ಲೆಕ್ಕಕ್ಕೆ ದುಡ್ಡು ಇಡಲಿಲ್ಲ. 1994ರ ಮೌಲ್ಯಮಾಪನ, ಆ ಕಾರ್ಯತಂತ್ರ ಪರಿಣಾಮಕಾರಿಯಾಗಿ ಜಾರಿಯಾಗಲೇ ಇಲ್ಲ ಎಂದು ನೇರವಾಗಿ ಬರೆಯಿತು. ಮುನ್ನುಡಿಯಲ್ಲಿ ಒಳ್ಳೆಯ ವ್ಯಾಖ್ಯೆ, ಒಳಪುಟದಲ್ಲಿ ಹಳೆಯ ಪದ್ಧತಿಯ ಖರ್ಚು: ಈ ಕ್ಷೇತ್ರದ ದಾಖಲೆಗಳನ್ನು ಓದುವವರಿಗೆ ಇದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಕಲ್ಪನೆ ನಿಜವಾಗಿ ಕೆಲಸವಾಗಿ ಬದಲಾದ ಜಾಗಗಳನ್ನೇ ನೋಡುವುದು ಮೇಲು.

ಏಳು ನಂಟುಗಳು

ಮಾನಸಿಕ ಆರೋಗ್ಯದಲ್ಲಿ ಈ ಕಲ್ಪನೆಗೆ ‘ಸಾಮಾಜಿಕ ಮತ್ತು ಭಾವನಾತ್ಮಕ ಕ್ಷೇಮ’ ಎಂದು ಹೆಸರು. ಅಬೊರಿಜಿನಲ್ ಮನಶ್ಶಾಸ್ತ್ರಜ್ಞರೂ ಸೇರಿದ ತಂಡವೊಂದು 2014ರಲ್ಲಿ ಇದಕ್ಕೊಂದು ಚಿತ್ರ ಕೊಟ್ಟಿತು. ನಡುವೆ ವ್ಯಕ್ತಿ, ಸುತ್ತ ಏಳು ನಂಟು: ಮೈ, ಮನಸ್ಸು ಮತ್ತು ಭಾವನೆ, ಕುಟುಂಬ ಮತ್ತು ಬಂಧುಬಳಗ, ಸಮುದಾಯ, ಸಂಸ್ಕೃತಿ, ಕಂಟ್ರಿ, ಪೂರ್ವಿಕರು ಮತ್ತು ಅಧ್ಯಾತ್ಮ. ಇವೆಲ್ಲದರ ಹೊರಗೆ ಇತಿಹಾಸ, ರಾಜಕೀಯ, ಸಮಾಜದ ಒತ್ತಡಗಳ ಬಳೆ.

ಬಳಸುವ ಬಗೆ ಸರಳ. ಖಿನ್ನತೆಯಿಂದ ಬಂದವರಿಗೆ ನಿದ್ದೆ, ಹಸಿವು ಕೇಳಿ ಮಾತ್ರೆ ಬರೆಯುವ ಮುನ್ನ, ಏಳರಲ್ಲಿ ಯಾವ ನಂಟು ಸಡಿಲವಾಗಿದೆ, ಯಾವುದು ಇನ್ನೂ ಗಟ್ಟಿಯಾಗಿದೆ ಎಂದು ಜೊತೆಯಲ್ಲಿ ಕೂತು ನೋಡುತ್ತಾರೆ. ಗಟ್ಟಿಯಾದದ್ದರ ಮೇಲೆ ಚಿಕಿತ್ಸೆ ಕಟ್ಟುತ್ತಾರೆ. ಮೊಮ್ಮಕ್ಕಳನ್ನು ಕರೆದುಕೊಂಡು ಕಂಟ್ರಿಗೆ ಹೋಗಿ ಬರುವುದು ಆ ಚಿಕಿತ್ಸಾ ಯೋಜನೆಯ ಒಂದು ಸಾಲಾಗಬಹುದು. ಮಾತ್ರೆ ಬೇಕಿದ್ದರೆ ಅದೂ ಇರುತ್ತದೆ.

ಇದು ಬರೀ ಭಾವುಕತೆಯೇ ಎಂಬ ಪ್ರಶ್ನೆ ಸಹಜ. ನಾರ್ದರ್ನ್ ಟೆರಿಟರಿಯ ಯುಟೋಪಿಯಾ ಎಂಬಲ್ಲಿ ಜನ ದೊಡ್ಡ ಕಾಲೊನಿಯಲ್ಲಿ ಸೇರದೆ ತಮ್ಮ ತಮ್ಮ ನೆಲದ ಮೇಲೆ ಸಣ್ಣ ಗುಂಪುಗಳಾಗಿ ಚದುರಿ ಬಾಳುತ್ತಾರೆ. ಹತ್ತು ವರ್ಷ ಗಮನಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು: ಅಲ್ಲಿನ ಸಾವು ಮತ್ತು ಹೃದ್ರೋಗದ ಪ್ರಮಾಣ ನಿರೀಕ್ಷೆಗಿಂತ ಕಡಿಮೆ ಇತ್ತು. ನೆಲದೊಡನೆ ಉಳಿದ ನಂಟು, ಓಡಾಟವಿರುವ ಬದುಕು, ಬೇಟೆಯ ಆಹಾರ, ಮನೆಬಾಗಿಲಿಗೆ ಹೋಗುವ ಸಮುದಾಯದ ಕ್ಲಿನಿಕ್ ಇವನ್ನು ಸಂಶೋಧಕರು ಕಾರಣವಾಗಿ ಗುರುತಿಸಿದರು. ಅದೇ ಟೆರಿಟರಿಯ ಆರ್ನೆಮ್ ಲ್ಯಾಂಡಿನಲ್ಲಿ 2009ರ ಇನ್ನೊಂದು ಅಧ್ಯಯನದಲ್ಲಿ, ಕಂಟ್ರಿಯ ಆರೈಕೆಯಲ್ಲಿ ಹೆಚ್ಚು ತೊಡಗಿದವರಲ್ಲಿ ಮಧುಮೇಹ ಕಡಿಮೆ, ಊಟ ಉತ್ತಮ ಎಂದು ಕಂಡಿತು. ಆರೋಗ್ಯವಂತರೇ ಹೆಚ್ಚು ಓಡಾಡುತ್ತಾರೆ ಎಂಬ ಸಾಧ್ಯತೆಯನ್ನು ಇಂಥ ಅಧ್ಯಯನಗಳು ಪೂರ್ತಿ ತಳ್ಳಿಹಾಕಲಾರವು. ಆದರೂ ಎರಡೂ ಒಂದೇ ದಿಕ್ಕಿಗೆ ಕೈ ತೋರಿಸುತ್ತವೆ.

ಜನರೇ ನಡೆಸುವ ಕ್ಲಿನಿಕ್

1971ರಲ್ಲಿ ಸಿಡ್ನಿಯ ರೆಡ್‌ಫರ್ನ್ ಬಡಾವಣೆಯ ಒಂದು ಅಂಗಡಿ ಮುಂಗಟ್ಟಿನಲ್ಲಿ ಮೊದಲ ಅಬೊರಿಜಿನಲ್ ವೈದ್ಯಕೀಯ ಸೇವೆ ಶುರುವಾಯಿತು. ಡಾಕ್ಟರುಗಳು ಸಂಬಳವಿಲ್ಲದೆ ಬರುತ್ತಿದ್ದರು. ಮುಂದೆ ಕಣ್ಣಿನ ಶಸ್ತ್ರಚಿಕಿತ್ಸೆಗೆ ಜಗತ್ತಿಗೇ ಹೆಸರಾದ ಫ್ರೆಡ್ ಹಾಲೋಸ್ ಅದರ ಆರಂಭದಲ್ಲಿ ಕೈಜೋಡಿಸಿದವರಲ್ಲಿ ಒಬ್ಬರು. 1973ರಲ್ಲಿ ಮೆಲ್ಬರ್ನಿನ ಫಿಟ್ಸ್‌ರಾಯ್, ಮಧ್ಯ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ಗಳಲ್ಲೂ ಇಂಥವು ಎದ್ದವು. ಇಂದು ದೇಶದಾದ್ಯಂತ 140ಕ್ಕೂ ಹೆಚ್ಚು ಇವೆ.

ಇವುಗಳ ಕಟ್ಟುಪಾಡು ನಮ್ಮ ಹಾಲಿನ ಸಹಕಾರ ಸಂಘವನ್ನು ನೆನಪಿಸುತ್ತದೆ. ಸ್ಥಳೀಯ ಅಬೊರಿಜಿನಲ್ ಜನರೇ ಸದಸ್ಯರು, ಅವರೇ ಆಡಳಿತ ಮಂಡಳಿಯನ್ನು ಆರಿಸುತ್ತಾರೆ, ಮಂಡಳಿ ಮುಖ್ಯಾಧಿಕಾರಿಯನ್ನೂ ಡಾಕ್ಟರನ್ನೂ ನೇಮಿಸುತ್ತದೆ. ಒಂದೇ ಸೂರಿನಡಿ ಡಾಕ್ಟರು, ದಂತವೈದ್ಯರು, ಬಾಣಂತಿ ಆರೈಕೆ, ಆಪ್ತಸಮಾಲೋಚನೆ, ಕರೆತರುವ ವ್ಯಾನು, ಮನೆಬಾಡಿಗೆಯ ತಕರಾರಿಗೆ ಸಹಾಯ. ಇಲ್ಲಿನ ಬೆನ್ನೆಲುಬು ಅಬೊರಿಜಿನಲ್ ಆರೋಗ್ಯ ಕಾರ್ಯಕರ್ತರು. ಅವರಲ್ಲಿ ‘ಪ್ರ್ಯಾಕ್ಟಿಷನರ್’ ದರ್ಜೆಯವರಿಗೆ 2012ರ ಜುಲೈನಿಂದ ವೈದ್ಯರು, ದಾದಿಯರಿಗೆ ಇರುವಂತೆಯೇ ರಾಷ್ಟ್ರೀಯ ನೋಂದಣಿ ಇದೆ.

ಹಣ ಬರುವುದು ಎರಡು ಕಾಲುವೆಗಳಲ್ಲಿ. ಕೇಂದ್ರ ಮತ್ತು ರಾಜ್ಯಗಳ ಅನುದಾನ ಒಂದು. ಇನ್ನೊಂದು ಮೆಡಿಕೇರ್ ಬಿಲ್. ಸರ್ಕಾರಿ ಅನುದಾನ ಪಡೆಯುವ ಸಂಸ್ಥೆ ಅದೇ ಸೇವೆಗೆ ಮೆಡಿಕೇರ್ ಬಿಲ್ ಮಾಡುವಂತಿಲ್ಲ ಎಂಬುದು ಸಾಮಾನ್ಯ ನಿಯಮ. ಈ ಕ್ಲಿನಿಕ್ಕುಗಳಿಗೆ ಅದರಿಂದ ವಿನಾಯಿತಿ ಇದೆ. ವಿನಾಯಿತಿ ಇಲ್ಲದೆ ಹೋಗಿದ್ದರೆ ಇವುಗಳಲ್ಲಿ ಹಲವು ಬಾಗಿಲು ತೆರೆದಿಡುವುದೇ ಕಷ್ಟವಾಗುತ್ತಿತ್ತು.

ಎಡವುವುದು ಅನುದಾನದ ಕಾಲುವೆಯಲ್ಲಿ. ಹೊಗೆಸೊಪ್ಪು ಬಿಡಿಸಲು ಒಂದು ಒಪ್ಪಂದ, ಕಿವಿ ತಪಾಸಣೆಗೆ ಇನ್ನೊಂದು, ಬಾಣಂತಿಯರಿಗೆ ಮತ್ತೊಂದು. ಪ್ರತಿಯೊಂದಕ್ಕೂ ಬೇರೆ ಅವಧಿ, ಬೇರೆ ವರದಿ. ಮನುಷ್ಯನನ್ನು ಇಡಿಯಾಗಿ ನೋಡಬೇಕೆಂದು ಹುಟ್ಟಿದ ಸಂಸ್ಥೆಗೆ ಹಣ ಮಾತ್ರ ಅಂಗಾಂಗ ಲೆಕ್ಕದಲ್ಲಿ ಬರುತ್ತದೆ. ವರದಿ ಬರೆಯುವ ಈ ಹೊರೆಯನ್ನೇ ವಿಷಯವಾಗಿಟ್ಟುಕೊಂಡು 2009ರಲ್ಲಿ ಒಂದು ಅಧ್ಯಯನ ಬಂತು. ಅಲ್ಪಾವಧಿಯ ಒಪ್ಪಂದ ಮುಗಿದಾಗ ಪಳಗಿದ ಕಾರ್ಯಕರ್ತೆ ಕೆಲಸ ಕಳೆದುಕೊಳ್ಳುತ್ತಾಳೆ, ಆಕೆಯ ಮೇಲೆ ರೋಗಿಗಳು ಇಟ್ಟಿದ್ದ ನಂಬಿಕೆಯೂ ಆಕೆಯೊಂದಿಗೇ ಹೋಗುತ್ತದೆ.

ನಲ್ಲಿಯಲ್ಲಿ ನೀರು ಬಂದರೆ

ಅಬೊರಿಜಿನಲ್ ಕಲ್ಪನೆ ನೀತಿಯಾಗಿ ಇಳಿದ ಅತ್ಯಂತ ಸ್ಪಷ್ಟ ಉದಾಹರಣೆ ಒಂದು ನಲ್ಲಿ. ದಕ್ಷಿಣ ಆಸ್ಟ್ರೇಲಿಯಾದ ವಾಯವ್ಯ ಮೂಲೆಯ ಪಿಟ್ಜನ್‌ಜಾಜರ ಜನರ ಭೂಮಿಯಲ್ಲಿ, ನ್ಗನಂಪ ಆರೋಗ್ಯ ಮಂಡಳಿ ಎಂಬ ಅವರದೇ ಸಂಸ್ಥೆ ‘ಕ್ಲಿನಿಕ್ಕಿಗೆ ಬರುವ ಮುನ್ನವೇ ಕಾಯಿಲೆ ತಡೆಯುವುದು ಹೇಗೆ?’ ಎಂಬ ಪ್ರಶ್ನೆ ಮುಂದಿಟ್ಟಿತು. ಉತ್ತರ ಹುಡುಕಲು ಒಬ್ಬ ವೈದ್ಯ, ಒಬ್ಬ ವಾಸ್ತುಶಿಲ್ಪಿ, ಒಬ್ಬ ಮಾನವಶಾಸ್ತ್ರಜ್ಞ ಕೂತರು. 1987ರಲ್ಲಿ ಬಂದ ಅವರ ವರದಿ ಒಂಬತ್ತು ‘ಆರೋಗ್ಯಕರ ಬದುಕಿನ ರೂಢಿ’ಗಳನ್ನು ಪಟ್ಟಿ ಮಾಡಿತು. ಮಹತ್ವದ ಕ್ರಮದಲ್ಲೇ ಅವು ಹೀಗಿವೆ: ಜನ, ಮುಖ್ಯವಾಗಿ 5 ವರ್ಷದೊಳಗಿನ ಮಕ್ಕಳು, ಮೈ ತೊಳೆಯುವುದು, ಬಟ್ಟೆ, ಹಾಸಿಗೆ ಒಗೆಯುವುದು, ಕೊಳಚೆ ನೀರು ಹೊರಹೋಗುವುದು, ಅಡುಗೆ ಮಾಡಿ ಇಡಲು ಅನುಕೂಲ, ಜನದಟ್ಟಣೆಯ ಕೆಡುಕು ತಗ್ಗಿಸುವುದು, ಪ್ರಾಣಿ, ಹುಳುಹುಪ್ಪಟೆಯ ತೊಂದರೆ ತಗ್ಗಿಸುವುದು, ಧೂಳು ತಗ್ಗಿಸುವುದು, ಸೆಕೆ ಮತ್ತು ಚಳಿಯ ನಿಯಂತ್ರಣ, ಸಣ್ಣಪುಟ್ಟ ಗಾಯ ತಪ್ಪಿಸುವುದು.

ಮಗುವಿಗೆ ದಿನಾ ಸ್ನಾನ ಮಾಡಿಸಿ ಎಂದು ಪೋಸ್ಟರ್ ಅಂಟಿಸುವುದು ಸುಲಭ. ಸ್ನಾನವಾಗಬೇಕಾದರೆ ನೀರು ಬರಬೇಕು, ಕಾಯಬೇಕು, ಶವರ್ ತಿರುಗಬೇಕು, ಬಚ್ಚಲ ನೀರು ಹೊರಹೋಗಬೇಕು. ಸರಪಳಿಯ ಒಂದು ಕೊಂಡಿ ತುಂಡಾದರೂ ಸ್ನಾನವಿಲ್ಲ. ಮರುಭೂಮಿಯ ಬೋರ್‌ವೆಲ್ ನೀರು ಗಡಸು. ನಮ್ಮ ಗೀಸರಿನೊಳಗೆ ಬಿಳಿ ಪದರ ಕಟ್ಟುತ್ತದಲ್ಲ, ಅಲ್ಲಿ ಅದು ಕೆಲವೇ ತಿಂಗಳಲ್ಲಿ ಕಾಯಿಲ್ ಸುಟ್ಟು, ನಲ್ಲಿಯ ವಾಷರ್ ಕಚ್ಚಿ, ಶವರಿನ ತೂತು ಮುಚ್ಚುವ ಮಟ್ಟಕ್ಕೆ ಹೋಗುತ್ತದೆ. ಪ್ಲಂಬರ್ ಬರಬೇಕಾದರೆ ನೂರಾರು ಕಿಲೋಮೀಟರ್.

ಈ ತಂಡದ ಕೆಲಸದ ಕ್ರಮ ಗಮನಿಸುವಂಥದ್ದು. ಸ್ಥಳೀಯರಿಗೇ ತರಬೇತಿ ಕೊಟ್ಟು ಪ್ರತಿ ಮನೆಯ 200ಕ್ಕೂ ಮಿಕ್ಕಿ ಅಂಶಗಳನ್ನು ಪರೀಕ್ಷಿಸುತ್ತಾರೆ: ಪ್ಲಗ್ಗಿನಲ್ಲಿ ಅರ್ತಿಂಗ್ ಇದೆಯೇ, ಬಿಸಿನೀರು ಎಷ್ಟು ಬಿಸಿ, ಟಾಯ್ಲೆಟ್ ಫ್ಲಶ್ ಆಗುತ್ತದೆಯೇ. ಕೈಯಲ್ಲಿ ಸಲಕರಣೆ ಇಟ್ಟುಕೊಂಡೇ ಹೋಗುತ್ತಾರೆ, ಸರಿಮಾಡಬಹುದಾದದ್ದನ್ನು ಅದೇ ದಿನ ಸರಿಮಾಡುತ್ತಾರೆ. ಸರಿಮಾಡದೆ ಬರೀ ಸರ್ವೆ ಮಾಡುವಂತಿಲ್ಲ ಎಂಬುದು ಮೊದಲ ನಿಯಮ. ಸಾವಿರಾರು ಮನೆಗಳ ದಾಖಲೆಯಿಂದ ಹೊರಬಿದ್ದ ಲೆಕ್ಕ ಬಹುಜನರ ಊಹೆಯನ್ನು ತಲೆಕೆಳಗು ಮಾಡಿತು. ಕೆಟ್ಟದ್ದರಲ್ಲಿ ಸುಮಾರು ಶೇ 70 ನಿಯಮಿತ ದುರಸ್ತಿ ಇಲ್ಲದೆ, ಸುಮಾರು ಐದರಲ್ಲೊಂದು ಭಾಗ ಮೊದಲೇ ಕಳಪೆಯಾಗಿ ಕಟ್ಟಿದ್ದರಿಂದ. ವಾಸಿಸುವವರು ಹಾಳುಮಾಡಿದ್ದು ಶೇ 10ಕ್ಕಿಂತ ಕಡಿಮೆ. ‘ಕೊಟ್ಟ ಮನೆ ಕೆಡಿಸುತ್ತಾರೆ’ ಎಂದು ವರ್ಷಗಟ್ಟಲೆ ಹೊರಿಸಿದ ಅಪವಾದಕ್ಕೆ ಇದು ಉತ್ತರ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಹತ್ತು ವರ್ಷ ಈ ಕ್ರಮ ನಡೆಸಿದ ಮೇಲೆ, ದುರಸ್ತಿಯಾದ ಮನೆಗಳವರು ಸೋಂಕು ರೋಗಗಳಿಗಾಗಿ ಆಸ್ಪತ್ರೆ ಸೇರುವ ಪ್ರಮಾಣ ಹಾಗಾಗದ ಮನೆಗಳವರಿಗಿಂತ ಶೇ 40 ಕಡಿಮೆ ಎಂದು ಆ ರಾಜ್ಯದ ಆರೋಗ್ಯ ಇಲಾಖೆ 2010ರಲ್ಲಿ ವರದಿ ಮಾಡಿತು.

28 ದಿನಕ್ಕೊಂದು ಸೂಜಿ

ನಲ್ಲಿ ಕೆಟ್ಟರೆ ಹೃದಯ ಕೆಡುವುದು ಹೇಗೆ? ಗಂಟಲಿಗೂ ಚರ್ಮದ ಹುಣ್ಣಿಗೂ ತಗಲುವ ಸ್ಟ್ರೆಪ್ ಎ ಎಂಬ ಬ್ಯಾಕ್ಟೀರಿಯಾ ಇದೆ. ಒಂದೇ ಕೋಣೆಯಲ್ಲಿ ಹಲವರು ಮಲಗಿ, ತೊಳೆಯಲು ನೀರಿಲ್ಲದಿದ್ದರೆ ಅದು ಮಗುವಿನಿಂದ ಮಗುವಿಗೆ ಹರಡುತ್ತದೆ. ಸೋಂಕು ವಾಸಿಯಾದ ಎರಡು ಮೂರು ವಾರದ ಮೇಲೆ ಕೆಲವು ಮಕ್ಕಳಲ್ಲಿ ದೇಹದ ರೋಗನಿರೋಧಕ ಶಕ್ತಿ ತನ್ನ ಮೇಲೇ ತಿರುಗಿ ಬೀಳುತ್ತದೆ. ಜ್ವರ, ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ನೋವು, ಹೃದಯದ ಕವಾಟಕ್ಕೆ ಪೆಟ್ಟು. ಇದೇ ಸಂಧಿವಾತ ಜ್ವರ. ಮರುಕಳಿಸಿದಷ್ಟೂ ಕವಾಟ ಹಾಳಾಗುತ್ತ ಹೋಗುತ್ತದೆ. ನಮ್ಮ ಕಡೆಯೂ ಎಷ್ಟೋ ಮನೆಗಳಿಗೆ ಈ ಕಾಯಿಲೆಯ ಪರಿಚಯವಿದೆ, 21 ದಿನಕ್ಕೊಮ್ಮೆಯ ಪೆನಿಡ್ಯೂರ್ ಇಂಜೆಕ್ಷನ್ ಗೊತ್ತಿದೆ. ಆಸ್ಟ್ರೇಲಿಯಾದ ಉಳಿದವರಲ್ಲಿ ಇದು ಬಹುಮಟ್ಟಿಗೆ ಮಾಯವಾಗಿದೆ. ದೂರದ ಅಬೊರಿಜಿನಲ್ ಸಮುದಾಯಗಳಲ್ಲಿ ಮಾತ್ರ ಜಗತ್ತಿನ ಅತಿ ಹೆಚ್ಚಿನ ಪ್ರಮಾಣಗಳಲ್ಲೊಂದಾಗಿ ಉಳಿದಿದೆ.

ಅಲ್ಲಿನ ಮಾರ್ಗಸೂಚಿಯಂತೆ 20 ಕಿಲೋ ಮತ್ತು ಮೇಲ್ಪಟ್ಟವರಿಗೆ 12 ಲಕ್ಷ ಯುನಿಟ್ ಬೆಂಜಥೀನ್ ಪೆನಿಸಿಲಿನ್ 28 ದಿನಕ್ಕೊಮ್ಮೆ, ಸ್ನಾಯುವಿಗೆ. ಜ್ವರ ಖಚಿತವಾಗಿದ್ದರೆ ಕನಿಷ್ಠ 5 ವರ್ಷ ಅಥವಾ 21 ವಯಸ್ಸಾಗುವವರೆಗೆ, ಯಾವುದು ಹೆಚ್ಚೋ ಅಷ್ಟು. ಕವಾಟ ಕೆಟ್ಟಿದ್ದರೆ ಇನ್ನೂ ದೀರ್ಘ. 11ನೇ ವಯಸ್ಸಿನಲ್ಲಿ ಶುರುವಾದ ಹುಡುಗಿಗೆ ವರ್ಷಕ್ಕೆ 13ರಂತೆ 130 ಸೂಜಿ. ದ್ರವ ಮಂದ, ನೋವು ಹೆಚ್ಚು.

ಸೂಜಿ ತಪ್ಪಿದಾಗ ದಾಖಲೆಯಲ್ಲಿ ‘ಸಹಕರಿಸುವುದಿಲ್ಲ’ ಎಂದು ಬರೆಯುವುದು ಹಳೆಯ ರೂಢಿ. ಕಾರಣ ಹುಡುಕಿದರೆ ಬೇರೆಯೇ ಸಿಗುತ್ತದೆ. ಆ ವಾರ ಬಳಗದಲ್ಲಿ ಸಾವಾಗಿ ಹುಡುಗಿ 300 ಕಿಲೋಮೀಟರ್ ಆಚೆಯ ಊರಿನಲ್ಲಿದ್ದಳು, ಅಲ್ಲಿನ ಕ್ಲಿನಿಕ್ಕಿಗೆ ಇವಳ ದಾಖಲೆ ಕಾಣಲಿಲ್ಲ. ಹೊಸ ನರ್ಸ್ ಬಂದಿದ್ದರು. ಗಂಡು ನರ್ಸ್ ಒಬ್ಬರೇ ಇದ್ದರು. ಈ ಸೂಜಿ ಯಾತಕ್ಕೆ ಎಂದು ಯಾರೂ ಅವಳ ಭಾಷೆಯಲ್ಲಿ ಹೇಳಿರಲಿಲ್ಲ. ಸರಿಯಾಗಿ ನಡೆಯುವ ಕಡೆ ಇವಕ್ಕೆಲ್ಲ ಒಂದೊಂದೇ ಉತ್ತರ ಇಟ್ಟುಕೊಂಡಿರುತ್ತಾರೆ: ಹಂಚಿಕೊಂಡ ನೋಂದಣಿ ಪುಸ್ತಕ, ಮುಂಚೆಯೇ ನೆನಪಿಸುವ ಕಾರ್ಯಕರ್ತೆ, ಶಾಲೆಗೇ ಹೋಗಿ ಕೊಡುವ ಏರ್ಪಾಡು, ನೋವಿಗೆ ತಂಪುಪಟ್ಟಿ, ಜೊತೆಗೆ ಕೂರಲು ಅಜ್ಜಿ. ಆದರೂ ಇದು ಬೆಂಕಿ ಬಿದ್ದ ಮೇಲೆ ನೀರು ಹಾಕುವ ಕೆಲಸವೇ. ಬೆಂಕಿ ಬೀಳದಂತೆ ತಡೆಯುವುದು ಮನೆ ಮತ್ತು ನಲ್ಲಿ.

ಡಯಾಲಿಸಿಸ್ ಊರಿಗೇ ಬಂದದ್ದು

ಮೂತ್ರಪಿಂಡ ನಿಂತವರಿಗೆ ವಾರಕ್ಕೆ 3 ಸಲ, ಪ್ರತಿ ಸಲ ನಾಲ್ಕೈದು ಗಂಟೆ ಯಂತ್ರದ ಪಕ್ಕ ಮಲಗಬೇಕು. ಕಿಂಟೋರ್ ಎಂಬ ಹಳ್ಳಿ ಆಲಿಸ್ ಸ್ಪ್ರಿಂಗ್ಸಿನಿಂದ ಪಶ್ಚಿಮಕ್ಕೆ ಸುಮಾರು 530 ಕಿಲೋಮೀಟರ್. ಅಲ್ಲಿನ ಪಿಂಟುಪಿ ಹಿರಿಯರು ಡಯಾಲಿಸಿಸ್‌ಗಾಗಿ ಊರು ಬಿಟ್ಟು ಪಟ್ಟಣ ಸೇರಬೇಕಿತ್ತು, ಬಹುತೇಕ ಸಾಯುವವರೆಗೂ. ನೆಲವನ್ನು ನೋಡಿಕೊಳ್ಳುವ, ಮೊಮ್ಮಕ್ಕಳಿಗೆ ಹಾಡು ಕಲಿಸುವ ಹಿರಿಯರೇ ಹೊರಟುಹೋದರೆ ಊರಿನ ಆರೋಗ್ಯ ಉಳಿಯುವುದೆಲ್ಲಿ? ಕೆಲವರು ಚಿಕಿತ್ಸೆ ಬಿಟ್ಟು ಮನೆಗೆ ಮರಳಿ ಸಾಯುವುದನ್ನೇ ಆರಿಸಿಕೊಂಡರು.

ಸರ್ಕಾರ ಒಲ್ಲೆ ಎಂದಾಗ ಆ ಜನ ತಮ್ಮ ಚಿತ್ರಕಲೆಗೆ ಮೊರೆಹೋದರು. 2000ದ ನವೆಂಬರಿನಲ್ಲಿ ಸಿಡ್ನಿಯ ಕಲಾಗ್ಯಾಲರಿಯಲ್ಲಿ ಅವರ ವರ್ಣಚಿತ್ರಗಳ ಹರಾಜಿನಿಂದ 10 ಲಕ್ಷ ಡಾಲರಿಗೂ ಹೆಚ್ಚು ಬಂತು. 2004ರಲ್ಲಿ ಕಿಂಟೋರಿನಲ್ಲಿ ಡಯಾಲಿಸಿಸ್ ಶುರುವಾಯಿತು. ಸಂಸ್ಥೆಯನ್ನು ಜನ ‘ಪರ್ಪಲ್ ಹೌಸ್’ ಎನ್ನುತ್ತಾರೆ. ಅದರ ಪಿಂಟುಪಿ ಹೆಸರಿನ ಅರ್ಥ ‘ನಮ್ಮ ಬಳಗವನ್ನೆಲ್ಲ ಚೆನ್ನಾಗಿ ಮಾಡುವುದು’. ಅದರಲ್ಲಿ ಮೂತ್ರಪಿಂಡ ಎಂಬ ಮಾತೇ ಇಲ್ಲ.

ತಾಂತ್ರಿಕವಾಗಿ ಸುಲಭದ ಕೆಲಸವಲ್ಲ ಇದು. ಯಂತ್ರದಲ್ಲಿ ನಿಮಿಷಕ್ಕೆ ಅರ್ಧ ಲೀಟರಿನಂತೆ ದ್ರಾವಣ ಹರಿಯುತ್ತದೆ, ನಾಲ್ಕು ಗಂಟೆಗೆ 120 ಲೀಟರ್ ಅತಿಶುದ್ಧ ನೀರು ಬೇಕು. ಶುದ್ಧೀಕರಣದಲ್ಲಿ ಹೊರಹೋಗುವ ನೀರು ಬೇರೆ. ಬೋರ್‌ವೆಲ್ಲಿನ ಗಡಸು ನೀರನ್ನು ಮೊದಲು ಮೆದುಗೊಳಿಸಿ ಆರ್‌ಒ ಯಂತ್ರಕ್ಕೆ ಬಿಡಬೇಕು, ಕರೆಂಟ್ ಕೈಕೊಡಬಾರದು, ನರ್ಸುಗಳು ಉಳಿಯಲು ಮನೆ ಬೇಕು. 2018ರ ನವೆಂಬರಿನಲ್ಲಿ ತೀರ ದೂರದ ಪ್ರದೇಶಗಳಲ್ಲಿ ನರ್ಸ್ ಅಥವಾ ಅಬೊರಿಜಿನಲ್ ಆರೋಗ್ಯ ಪ್ರ್ಯಾಕ್ಟಿಷನರ್ ಮಾಡುವ ಡಯಾಲಿಸಿಸ್‌ಗೆ ಮೆಡಿಕೇರ್ ಹಣ ಕೊಡತೊಡಗಿತು. ಹರಾಜಿನಿಂದ ಅಲ್ಲಿಗೆ ಬರಲು 18 ವರ್ಷ ಹಿಡಿಯಿತು.

ಹೆರಿಗೆಯಲ್ಲೂ ಇದೇ ಬಗೆಯ ಬದಲಾವಣೆ. ಬ್ರಿಸ್ಬೇನಿನಲ್ಲಿ ಎರಡು ಅಬೊರಿಜಿನಲ್ ಸಂಸ್ಥೆಗಳು ಮತ್ತು ಒಂದು ದೊಡ್ಡ ಹೆರಿಗೆ ಆಸ್ಪತ್ರೆ ಸೇರಿ 2013ರಿಂದ ನಡೆಸಿದ ವ್ಯವಸ್ಥೆಯಲ್ಲಿ ಬಸುರಿಗೆ ಮೊದಲಿನಿಂದ ಬಾಣಂತನದವರೆಗೆ ಗೊತ್ತಿರುವ ಒಬ್ಬಳೇ ಸೂಲಗಿತ್ತಿ ದಾದಿ, ಹಗಲುರಾತ್ರಿ ಫೋನು, ಅಬೊರಿಜಿನಲ್ ಸಹಾಯಕಿ, ಕರೆದೊಯ್ಯುವ ವಾಹನ. ಅವಧಿಗೆ ಮುನ್ನ ಹೆರಿಗೆಯ ಸಂಭವ ಶೇ 38 ಕಡಿಮೆಯಾಯಿತು ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ಹಾಗಾದರೆ ನಾಟಿ ವೈದ್ಯ?

‘ಇದೆಲ್ಲ ಆಧುನಿಕ ವೈದ್ಯಕ್ಕೆ ಎದುರೇ?’ ಎಂಬುದು ಮೇಲಿಂದ ಮೇಲೆ ಬರುವ ಅನುಮಾನ. ಮಧ್ಯ ಆಸ್ಟ್ರೇಲಿಯಾದಲ್ಲಿ ನ್ಗನ್‌ಕರಿ ಎಂಬ ಪಾರಂಪರಿಕ ವೈದ್ಯರಿದ್ದಾರೆ. ಮೈ ನೀವಿ, ಚೇತನ ಸ್ಥಾನಪಲ್ಲಟವಾಗಿದೆ ಎಂದು ಕಂಡರೆ ಅದನ್ನು ಮರಳಿ ಕೂರಿಸುವುದು ಅವರ ವಿದ್ಯೆ. ಅಲ್ಲಿನ ಮಹಿಳಾ ಮಂಡಳಿಯೊಂದು ಅವರನ್ನು ಸಂಬಳ ಕೊಟ್ಟು ನೇಮಿಸಿಕೊಂಡಿದೆ, ಅವರು ಆಸ್ಪತ್ರೆಗಳಿಗೂ ಹೋಗುತ್ತಾರೆ. ನ್ಯುಮೋನಿಯಾಕ್ಕೆ ಆಂಟಿಬಯಾಟಿಕ್ ಬೇಡವೆಂದು ಅವರು ಹೇಳುವುದಿಲ್ಲ. ತಮ್ಮದು ಭಯ, ದುಃಖ, ಚೇತನದ ಪಾಲು, ಡಾಕ್ಟರದು ಅವರ ಪಾಲು.

ಕ್ಯಾನ್‌ಬೆರಾದ ಲೆಕ್ಕ

2008ರಲ್ಲಿ ಸರ್ಕಾರಗಳು ‘ಕ್ಲೋಸಿಂಗ್ ದ ಗ್ಯಾಪ್’ (ಅಂತರ ಮುಚ್ಚುವುದು) ಎಂಬ ಗುರಿಗಳನ್ನು ತಾವೇ ಬರೆದುಕೊಂಡವು. 2020ರ ವರದಿಯ ಹೊತ್ತಿಗೆ ಏಳರಲ್ಲಿ ಎರಡು ಮಾತ್ರ ಹಾದಿಯಲ್ಲಿದ್ದವು. ಅದೇ ವರ್ಷ ಜುಲೈನಲ್ಲಿ ಹೊಸ ರಾಷ್ಟ್ರೀಯ ಒಪ್ಪಂದ ಬಂತು. ಈ ಸಲ ಅಬೊರಿಜಿನಲ್ ಸಂಸ್ಥೆಗಳ ಒಕ್ಕೂಟವೂ ಸರ್ಕಾರಗಳ ಜೊತೆ ಸಹಿ ಹಾಕಿತು. ಈಗ 19 ಗುರಿಗಳಿವೆ. 2031ಕ್ಕೆ ಆಯಸ್ಸಿನ ಅಂತರ ಮುಚ್ಚುವುದರ ಜೊತೆಗೆ ಭೂಮಿ ಮತ್ತು ಸಮುದ್ರದ ಮೇಲಿನ ಹಕ್ಕು, ಭಾಷೆಗಳ ಬಲವರ್ಧನೆಯೂ ಆ ಪಟ್ಟಿಯಲ್ಲಿವೆ. 1979ರ ವ್ಯಾಖ್ಯೆ ಅಂಕಿಯಾಗಿ ಬದಲಾದದ್ದು ಇಲ್ಲಿ.

ಗುರಿಗಳಿಗಿಂತ ಮುಖ್ಯವಾದವು ನಾಲ್ಕು ‘ಆದ್ಯತೆಯ ಸುಧಾರಣೆ’ಗಳು: ತೀರ್ಮಾನದಲ್ಲಿ ಪಾಲು, ಸಮುದಾಯದ ಸಂಸ್ಥೆಗಳನ್ನು ಬಲಪಡಿಸುವುದು, ಸರ್ಕಾರಿ ಇಲಾಖೆಗಳು ತಮ್ಮನ್ನು ತಾವು ತಿದ್ದಿಕೊಳ್ಳುವುದು, ಅಂಕಿಅಂಶಗಳನ್ನು ಸಮುದಾಯದೊಂದಿಗೆ ಹಂಚಿಕೊಳ್ಳುವುದು. ಆಸ್ಟ್ರೇಲಿಯಾದ ಉತ್ಪಾದಕತಾ ಆಯೋಗ 2024ರ ಆರಂಭದಲ್ಲಿ ಕೊಟ್ಟ ಮೊದಲ ಪರಿಶೀಲನಾ ವರದಿಯಲ್ಲಿ, ಸರ್ಕಾರಗಳು ಬಹುಮಟ್ಟಿಗೆ ಹಳೆಯ ದಾರಿಯಲ್ಲೇ ನಡೆದಿವೆ, ಅಧಿಕಾರ ಹಂಚಿಕೊಂಡಿಲ್ಲ ಎಂದಿತು. ಸಂವಿಧಾನದಲ್ಲಿ ಈ ಜನರಿಗೊಂದು ಸಲಹಾ ಧ್ವನಿ ಇರಲಿ ಎಂಬ ಪ್ರಸ್ತಾಪ 2023ರ ಅಕ್ಟೋಬರ್ 14ರ ಜನಮತಗಣನೆಯಲ್ಲಿ ಸೋತಿತು. ಒಪ್ಪಂದ ಮಾತ್ರ ಉಳಿದಿದೆ.

ಅಧಿಕಾರ ಹಂಚಿದರೆ ಏನಾಗುತ್ತದೆ ಎಂಬುದಕ್ಕೆ ಕೋವಿಡ್ ಕಾಲ ಒಂದು ಪುರಾವೆ. 2020ರ ಮಾರ್ಚಿನಲ್ಲಿ ಸಮುದಾಯದ ಸಂಸ್ಥೆಗಳೇ ಒತ್ತಾಯಿಸಿ ದೂರದ ಊರುಗಳ ಬಾಗಿಲು ಮುಚ್ಚಿಸಿದವು. ಆ ವರ್ಷ ಅಬೊರಿಜಿನಲ್ ಜನರಲ್ಲಿ ಕೋವಿಡ್ ಸಾವೇ ಆಗಲಿಲ್ಲ. 2021ರ ಆಗಸ್ಟಿನಲ್ಲಿ ಅಬೊರಿಜಿನಲ್ ಜನರೇ ಹೆಚ್ಚಿರುವ ವಿಲ್ಕ್ಯಾನಿಯಾ ಪಟ್ಟಣಕ್ಕೆ ಸೋಂಕು ಹೊಕ್ಕಾಗ, ಪ್ರತ್ಯೇಕವಾಗಿರಲು ಕೋಣೆಯೇ ಇಲ್ಲದ ತುಂಬಿದ ಮನೆಗಳಲ್ಲಿ ಅದು ಹರಡಿತು. ಮತ್ತೆ ಮನೆಯ ಪ್ರಶ್ನೆಯೇ.

ಅಲ್ಲಿ ಕೆಲಸಕ್ಕೆ ಹೋಗುವವರಿಗೆ

ರೋಗಿ ಅಬೊರಿಜಿನಲ್ ಅಥವಾ ದ್ವೀಪವಾಸಿ ಎಂದಾದರೆ ಮೆಡಿಕೇರ್ ದರಪಟ್ಟಿಯ 715ನೇ ಐಟಂ ಅಡಿ ಸಮಗ್ರ ತಪಾಸಣೆ ಮಾಡಬಹುದು, ಎರಡು ತಪಾಸಣೆಗಳ ನಡುವೆ ಕನಿಷ್ಠ 9 ತಿಂಗಳಿರಬೇಕು. ಇದರಲ್ಲಿ ಬಿಪಿ, ಸಕ್ಕರೆಯ ಜೊತೆಗೆ ಕಿವಿ, ಹಲ್ಲು, ಮನಸ್ಸು, ಮನೆಯ ಸ್ಥಿತಿಯೂ ಬರುತ್ತದೆ. ತಪಾಸಣೆ ಮಾಡಿ ಬಿಲ್ ಹಾಕಿ ಮುಂದಿನ ಹೆಜ್ಜೆ ಮರೆಯುವುದು ಸಾಮಾನ್ಯ ದೋಷ. ನರ್ಸ್, ಆರೋಗ್ಯ ಪ್ರ್ಯಾಕ್ಟಿಷನರ್, ಫಿಸಿಯೊ, ಆಹಾರತಜ್ಞರ ಮುಂದುವರಿದ ಭೇಟಿಗಳಿಗೆ ಬೇರೆ ಐಟಂಗಳೇ ಇವೆ. ಔಷಧಿಗೆ 2010ರಿಂದ ರಿಯಾಯಿತಿ ಇದೆ: ಸರ್ಕಾರದ ರಿಯಾಯಿತಿ ಕಾರ್ಡ್ ಇದ್ದವರು ರೋಗಿಯ ಪಾಲಿನ ಹಣವನ್ನೇ ಕೊಡಬೇಕಿಲ್ಲ, ಇಲ್ಲದವರು ಕಾರ್ಡಿನವರ ದರ ಮಾತ್ರ ಕೊಡುತ್ತಾರೆ. ಅದಕ್ಕೆ ಒಮ್ಮೆ ರಾಷ್ಟ್ರೀಯ ಪಟ್ಟಿಯಲ್ಲಿ ನೋಂದಾಯಿಸಬೇಕು.

ಮಾತಿನಲ್ಲಿ ಎಚ್ಚರ ಬೇಕು. ಕೇಳಿದ್ದಕ್ಕೆಲ್ಲ ‘ಹೂಂ’ ಎಂದರೆ ಒಪ್ಪಿದರು ಎಂದಲ್ಲ, ಎದುರಿನವರಿಗೆ ಮುಜುಗರವಾಗದಿರಲಿ ಎಂಬ ಸೌಜನ್ಯವೂ ಇರಬಹುದು. ‘ನಾನು ಹೇಳಿದ್ದನ್ನು ನಿಮ್ಮ ಅಕ್ಕನಿಗೆ ಹೇಗೆ ಹೇಳುತ್ತೀರಿ?’ ಎಂದು ಕೇಳಿದರೆ ಗೊತ್ತಾಗುತ್ತದೆ. ದುಭಾಷಿ ಬೇಕಾದರೆ ವೃತ್ತಿಪರರನ್ನೇ ಕರೆಸಿ, ಮೊಮ್ಮಗನನ್ನಲ್ಲ. ಗಂಡಸರ ವಿಷಯ ಗಂಡಸರಿಗೆ, ಹೆಂಗಸರದು ಹೆಂಗಸರಿಗೆ ಎಂಬ ಕಟ್ಟಳೆ ಹಲವೆಡೆ ಬಿಗಿ. ಅಳಿಯ ಮತ್ತು ಅತ್ತೆ ಒಂದೇ ಕೋಣೆಯಲ್ಲಿ ಕೂರಬಾರದೆಂಬ ನಿಯಮವಿರುವ ಕಡೆ ಒಂದೇ ಬಾಗಿಲಿನ ಕಾಯುವ ಕೋಣೆ ಇದ್ದರೆ ಒಬ್ಬರು ಸದ್ದಿಲ್ಲದೆ ಎದ್ದು ಹೋಗುತ್ತಾರೆ. ತೀರಿಕೊಂಡವರ ಹೆಸರು ಹೇಳಬಾರದು. ಗಂಡನ ಹೆಸರು ಬಾಯಲ್ಲಿ ತಾರದ ನಮ್ಮ ಹಳೆಯ ಕಾಲದ ಅಜ್ಜಿಯರನ್ನು ನೆನೆದರೆ ಇದು ವಿಚಿತ್ರ ಎನ್ನಿಸುವುದಿಲ್ಲ. ಮಧ್ಯ ಆಸ್ಟ್ರೇಲಿಯಾದಲ್ಲಿ ಅದೇ ಹೆಸರಿನ ಬದುಕಿರುವವರನ್ನೂ ಆಗ ‘ಕುಮನ್‌ಜಾಯಿ’ ಎಂದು ಕರೆಯುತ್ತಾರೆ, ಆದ್ದರಿಂದ ದಾಖಲೆ ಹುಡುಕುವಾಗ ಹುಟ್ಟಿದ ದಿನಾಂಕವನ್ನೂ ನೋಡಿ.

ರೋಗಿ ಚಿಕಿತ್ಸೆ ಮುಗಿಯುವ ಮೊದಲೇ ಆಸ್ಪತ್ರೆ ಬಿಟ್ಟು ಹೋಗುವುದು ಇತರರಿಗಿಂತ ಇವರಲ್ಲಿ ಹೆಚ್ಚು. ಸೇರಿಸಿಕೊಂಡ ಮೊದಲ ದಿನವೇ ಮೂರು ಪ್ರಶ್ನೆ ಕೇಳಿಟ್ಟುಕೊಳ್ಳಿ: ಮನೆಯಲ್ಲಿ ನಿಮ್ಮನ್ನು ಕಾಯುವವರು ಯಾರು, ಊರಿನಲ್ಲಿ ಸಾವು ಅಥವಾ ವಿಧಿ ಇದೆಯೇ, ನಾವು ಯಾರಿಗೆ ಫೋನು ಮಾಡಬೇಕು. ಎರಡು ದಿನ ಹೋಗಿ ಬರಲೇಬೇಕಾದರೆ ಮಾತ್ರೆಯ ರೂಪದ ಆಂಟಿಬಯಾಟಿಕ್, ಮರಳಿ ಬರುವ ದಿನ, ವಾಹನದ ಏರ್ಪಾಡು ಮಾಡಿಕೊಡಿ, ಅವರ ಊರಿನ ಕ್ಲಿನಿಕ್ಕಿಗೆ ಅಂದೇ ಕರೆ ಮಾಡಿ ತಿಳಿಸಿ. ಫೈಲಿನಲ್ಲಿ ‘ಹೇಳದೆ ಹೋದರು’ ಎಂದು ಬರೆಯುವ ಮುನ್ನ, ಅವರು ಹೇಳಿದ್ದು ಯಾರಿಗೆ ಎಂದು ಅಬೊರಿಜಿನಲ್ ಸಂಪರ್ಕಾಧಿಕಾರಿಯನ್ನು ಕೇಳಿ. ಪಕ್ಕದ ಹಾಸಿಗೆಯವರಿಗೋ ಕಸ ಗುಡಿಸುವವರಿಗೋ ಅವರು ಹೇಳಿ ಹೋಗಿರುವ ಸಂಭವ ಉಂಟು.